ತೂಕ ಬರ್ತಿಲ್ಲ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸ್ಬೇಕಾ? ಸೀರಿಯಲ್ ಪೋರ್ಟ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಮೊಬೈಲ್, ವೈಫೈ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ವಿಷಯ ತಗೊಂಡಿದೀನಿ, ಸೀರಿಯಲ್ ಪೋರ್ಟು, ಅಂದ್ರೆ ತೂಕದ ಮಷಿನ್ನಿನಂಥವು ಕಂಪ್ಯೂಟರಿಗೆ ಡೇಟಾ ಕಳಿಸೋ ಹಳೇ ಕಾಲದ ಒಂಬತ್ತು ಪಿನ್ನಿನ ಕಿಂಡಿ. ಹಾಲಿನ ಡೇರಿ, ಕೊಬ್ಬರಿ ಮಂಡಿ, ಕಾಲೇಜು, ಲ್ಯಾಬು, ವೇಬ್ರಿಡ್ಜು, ಹೀಗೆ ಎಲ್ಲೆಲ್ಲಿಂದಲೋ ಪತ್ರ ಬಂದಿದೆ. ಎಲ್ರೂ ಒಂದೇ ಕೆಲಸ ಮಾಡಿದಾರೆ, ಕೇಬಲ್ ಬದಲಾಯ್ಸಿ ನೋಡಿದಾರೆ, ಕನ್ವರ್ಟರ್ ಬದಲಾಯ್ಸಿದಾರೆ, ಕೊನೆಗೆ ವಿಂಡೋಸ್ ಬದಲಾಯ್ಸೋ ಯೋಚನೆಗೆ ಬಂದಿದಾರೆ. ಅದಕ್ಕೆ ಮೊದಲನೇ ಉತ್ತರ ಸ್ವಲ್ಪ ಉದ್ದ ಬರೆದಿದೀನಿ, ಅದರಲ್ಲಿರೋ ಪರೀಕ್ಷೆ ಮುಂದಿನ ಎಲ್ಲಾ ಪ್ರಶ್ನೆಗೂ ಬೇಕು, ದಯವಿಟ್ಟು ಅದನ್ನ ಬಿಟ್ಟು ಮುಂದೆ ಹೋಗ್ಬೇಡಿ.

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಸೆಕ್ರೆಟರಿ. ತೂಕದ ಮಷಿನ್ನು, ಫ್ಯಾಟ್ ನೋಡೋ ಮಷಿನ್ನು ಎರಡನ್ನೂ ಕಂಪ್ಯೂಟರಿಗೆ ವೈರಲ್ಲಿ ಸೇರಿಸಿದಾರೆ, ಹಾಲು ಸುರಿದ್ರೆ ತೂಕ, ಫ್ಯಾಟು ತಾನಾಗೇ ಬಂದು ಚೀಟಿ ಪ್ರಿಂಟ್ ಆಗ್ತಿತ್ತು. ಕಳೆದ ತಿಂಗಳು ಸುಣ್ಣ ಹೊಡಿಸೋಕೆ ಅಂತ ಎಲ್ಲಾ ಬಿಚ್ಚಿ ವಾಪಸ್ ಜೋಡಿಸಿದ್ವಿ, ಅವತ್ತಿಂದ ತೂಕದ ಜಾಗದಲ್ಲಿ ಬರೀ ಸೊನ್ನೆ. ಮಷಿನ್ ಡಿಸ್ಪ್ಲೇಲಿ ಮಾತ್ರ ತೂಕ ಸರಿಯಾಗೇ ಇದೆ. ರಿಪೇರಿಯವರು ನೋಡಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ. ಸದಸ್ಯರ ಲೆಕ್ಕ ಎಲ್ಲಾ ಅದರಲ್ಲೇ ಇದೆ, ಭಯ ಆಗ್ತಿದೆ. ಬೆಳಿಗ್ಗೆ ಆರಕ್ಕೆಲ್ಲ ಜನ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ, ಎಲ್ಲಾ ಕೈಯಲ್ಲಿ ಬರ್ಕೊಳ್ತಾ ಇದೀನಿ.

ಉತ್ತರ: ಅಕ್ಕಾವ್ರೇ, ಫಾರ್ಮ್ಯಾಟ್ ಮಾಡೋಕೆ ಬಿಡಬೇಡಿ. ಮಷಿನ್ನಲ್ಲಿ ತೂಕ ಬರ್ತಿದೆ, ಸಾಫ್ಟ್‌ವೇರ್ ಓಪನ್ ಆಗ್ತಿದೆ, ಬಿಚ್ಚಿ ಜೋಡಿಸಿದ ದಿನದಿಂದ ಮಾತ್ರ ತೊಂದ್ರೆ, ಅಂದ್ಮೇಲೆ ತಪ್ಪು ಇರೋದು ಇವೆರಡರ ನಡುವಿನ ದಾರೀಲಿ. ವಿಂಡೋಸ್ ಅಳಿಸಿ ಮತ್ತೆ ಹಾಕಿದ್ರೆ ಆ ದಾರಿ ಸರಿಹೋಗುತ್ತೆ ಅಂತೇನಿಲ್ಲ, ಸದಸ್ಯರ ಲೆಕ್ಕ ಮಾತ್ರ ಹೋಗ್ಬಿಡುತ್ತೆ. ಇವತ್ತೇ ಲೆಕ್ಕದ ಫೋಲ್ಡರನ್ನ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಕೊಳ್ಳಿ, ಆಮೇಲೆ ಮುಂದಿನದು.

ನನಗೆ ಬಲವಾದ ಅನುಮಾನ ಇರೋದು ಪೋರ್ಟ್ ನಂಬರ್ ಮೇಲೆ. ಈಗಿನ ಕಂಪ್ಯೂಟರುಗಳ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇರೋದು ಕಡಿಮೆ, ಅದಕ್ಕೆ ಯುಎಸ್‌ಬಿ ಟು ಸೀರಿಯಲ್ ಕನ್ವರ್ಟರ್ ಹಾಕಿರ್ತಾರೆ, ನಿಮ್ಮಲ್ಲಿ ಎರಡು ಮಷಿನ್ನಿಗೆ ಎರಡು ಇರ್ಬೇಕು. ವಿಂಡೋಸ್ ಒಂದೊಂದಕ್ಕೂ ಒಂದು ನಂಬರ್ ಕೊಡುತ್ತೆ, ಕಾಮ್ 3, ಕಾಮ್ 4 ಅಂತ. ಕಡಿಮೆ ಬೆಲೆಯ ಕನ್ವರ್ಟರುಗಳಲ್ಲಿರೋ ಸಿಎಚ್ 340 ಥರದ ಚಿಪ್ಪಿಗೆ ಸಾಮಾನ್ಯವಾಗಿ ತನ್ನದೇ ಅಂತ ಗುರುತಿನ ನಂಬರ್ ಇರಲ್ಲ, ಹಾಗಾಗಿ ವಿಂಡೋಸ್ ಅದನ್ನ ಗುರುತು ಹಿಡಿಯೋದು ಯಾವ ಯುಎಸ್‌ಬಿ ತೂತಿಗೆ ಚುಚ್ಚಿದೀರಿ ಅನ್ನೋದ್ರ ಮೇಲೆ. ಸುಣ್ಣ ಹೊಡೆದ ಮೇಲೆ ಬೇರೆ ತೂತಿಗೆ ಚುಚ್ಚಿದ್ರೆ ಅದೇ ಕನ್ವರ್ಟರ್ ಕಾಮ್ 6 ಆಗ್ಬಿಡುತ್ತೆ, ಸಾಫ್ಟ್‌ವೇರ್ ಮಾತ್ರ ಇನ್ನೂ ಕಾಮ್ 3ರ ಬಾಗಿಲಲ್ಲೇ ಕಾಯ್ತಾ ಇರುತ್ತೆ. ಇಲ್ಲಾ ಎರಡು ಕನ್ವರ್ಟರ್ ಅದಲುಬದಲಾಗಿ ತೂಕದ ಜಾಗಕ್ಕೆ ಫ್ಯಾಟ್ ಮಷಿನ್ ಹೋಗಿರುತ್ತೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೀರಿ, ಪೋರ್ಟ್ಸ್ ಅನ್ನೋ ಸಾಲನ್ನ ಬಿಡಿಸಿ. ಈಗ ತೂಕದ ಕನ್ವರ್ಟರನ್ನ ಕೀಳಿ, ಪಟ್ಟಿಯಿಂದ ಯಾವ ನಂಬರ್ ಮಾಯ ಆಯ್ತೋ ಅದೇ ತೂಕದ್ದು. ವಾಪಸ್ ಚುಚ್ಚಿ, ಸಾಫ್ಟ್‌ವೇರಿನ ಸೆಟ್ಟಿಂಗಲ್ಲಿ ತೂಕದ ಮಷಿನ್ ಎದುರಿಗೆ ಆ ನಂಬರ್ ಹಾಕಿ. ಇಷ್ಟರಲ್ಲೇ ಸರಿಹೋದ್ರೆ ಕನ್ವರ್ಟರ್ ಮೇಲೂ ಅದರ ತೂತಿನ ಪಕ್ಕನೂ ಒಂದೊಂದು ಚೀಟಿ ಅಂಟಿಸಿ, ತೂಕ, ಫ್ಯಾಟ್ ಅಂತ, ಮುಂದಿನ ಸಲ ಯಾರು ಬಿಚ್ಚಿದ್ರೂ ತಪ್ಪಲ್ಲ.

ಸರಿಹೋಗ್ಲಿಲ್ಲ ಅಂದ್ರೆ ಈಗ ಹೇಳೋ ಪರೀಕ್ಷೆ ಮಾಡಿ. ಇದಕ್ಕೆ ಲೂಪ್‌ಬ್ಯಾಕ್ ಅಂತಾರೆ, ಸೀರಿಯಲ್ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಕಂಪ್ಯೂಟರ್ ಕಡೆಯ ಒಂಬತ್ತು ಪಿನ್ನಿನಲ್ಲಿ 3ನೇದು ಮಾತಾಡೋ ಪಿನ್ನು, 2ನೇದು ಕೇಳಿಸ್ಕೊಳ್ಳೋ ಪಿನ್ನು, 5ನೇದು ಗ್ರೌಂಡು. ಐದು ಪಿನ್ನಿನ ಸಾಲು ಮೇಲೆ ಬರೋ ಹಾಗೆ ಹಿಡಿದು ನೇರ ನೋಡಿದ್ರೆ ಪಿನ್ ಚಾಚಿರೋ ಕನೆಕ್ಟರಲ್ಲಿ ಎಡಗಡೆಯದು 1ನೇದು, ತೂತಿರೋ ಕನೆಕ್ಟರಲ್ಲಿ ಬಲಗಡೆಯದು 1ನೇದು. 2ನ್ನೂ 3ನ್ನೂ ಸೇರಿಸಿದ್ರೆ ಕಂಪ್ಯೂಟರ್ ಆಡಿದ ಮಾತು ಅದಕ್ಕೇ ವಾಪಸ್ ಕೇಳಿಸ್ಬೇಕು. ಪುಟ್ಟಿ ಅನ್ನೋ ಉಚಿತ ಪ್ರೋಗ್ರಾಂ ಹಾಕ್ಕೊಂಡು ಸೀರಿಯಲ್ ಆರಿಸಿ, ನಿಮ್ಮ ಕಾಮ್ ನಂಬರ್ ಹಾಕಿ, ಸ್ಪೀಡ್ 9600 ಇರ್ಲಿ, ಸೀರಿಯಲ್ ಸೆಟ್ಟಿಂಗ್ ಪುಟದಲ್ಲಿ ಫ್ಲೋ ಕಂಟ್ರೋಲ್‌ನ 'ನನ್' (None) ಮಾಡಿ ಓಪನ್ ಒತ್ತಿ. ಮಷಿನ್ ಕೇಬಲ್ ತೆಗೆದಿಟ್ಟು ಕನ್ವರ್ಟರಿನ 2, 3ನೇ ಪಿನ್ನಿಗೆ ಚಿಕ್ಕ ಟೆಸ್ಟರ್ ತುದಿ ಮುಟ್ಟಿಸಿ ಹಿಡಿದು ಕೀಬೋರ್ಡಲ್ಲಿ ಏನಾದ್ರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಕಾಣ್ಬೇಕು, ಟೆಸ್ಟರ್ ತೆಗೆದ ತಕ್ಷಣ ಕಾಣೋದು ನಿಲ್ಬೇಕು. ಹೀಗಾದ್ರೆ ವಿಂಡೋಸ್, ಡ್ರೈವರ್ (ಕನ್ವರ್ಟರನ್ನ ವಿಂಡೋಸಿಗೆ ಪರಿಚಯ ಮಾಡಿಕೊಡೋ ಪ್ರೋಗ್ರಾಂ), ಕನ್ವರ್ಟರ್ ಎಲ್ಲಾ ಸರಿ ಇದೆ ಅಂತ ಅರ್ಥ, ಫಾರ್ಮ್ಯಾಟ್ ಮಾತೇ ಬೇಡ. ಆಮೇಲೆ ಕೇಬಲ್ ಹಾಕಿ ಅದರ ಆಚೆ ತುದೀಲಿ ಇದೇ 2, 3ನ್ನ ಒಂದು ತುಂಡು ವೈರಿಂದ ಸೇರಿಸಿ ನೋಡಿ. ಅಲ್ಲೂ ಬಂದ್ರೆ ಮಾತಾಡೋ, ಕೇಳೋ ಎರಡು ವೈರೂ ಸರಿ, ಉಳಿದದ್ದು ಗ್ರೌಂಡ್ ವೈರು ಮತ್ತು ಮಷಿನ್ನು. ಬರ್ಲಿಲ್ಲ ಅಂದ್ರೆ ಕೇಬಲ್ಲೇ ಕಟ್ ಆಗಿದೆ, ಬಿಚ್ಚಿ ಕಟ್ಟುವಾಗ ಕನೆಕ್ಟರ್ ಒಳಗೆ ಬೆಸುಗೆ ಬಿಟ್ಕೊಳ್ಳೋದು ತುಂಬಾ ಸಾಮಾನ್ಯ.

ಕೇಬಲ್ ಸರಿ ಇದ್ದೂ ತೂಕ ಬರದೇ ಇದ್ರೆ ಮಲ್ಟಿಮೀಟರ್ ಇರೋರನ್ನ ಕರೀರಿ. ಮಷಿನ್ ಆನ್ ಮಾಡಿ, ಅದರ ಪೋರ್ಟಲ್ಲಿ ಕಪ್ಪು ಮುಳ್ಳು 5ಕ್ಕೆ ಇಟ್ಟು ಕೆಂಪು ಮುಳ್ಳು 2ಕ್ಕೆ ಆಮೇಲೆ 3ಕ್ಕೆ ಇಟ್ಟು ಡಿಸಿ ವೋಲ್ಟೇಜ್ ನೋಡ್ಲಿ. ಸುಮ್ನಿರೋವಾಗ ಮಾತಾಡೋ ಪಿನ್ನಲ್ಲಿ ಮೈನಸ್ 5ರಿಂದ ಮೈನಸ್ 12ರ ಆಸುಪಾಸು ಇರುತ್ತೆ, ಕೇಳೋ ಪಿನ್ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಡೇಟಾ ಓಡ್ತಾ ಇದ್ರೆ ಅಂಕಿ ಸ್ವಲ್ಪ ಕುಣಿಯುತ್ತೆ, ಪರವಾಗಿಲ್ಲ. ಮಷಿನ್ನಿನ 2ನೇ ಪಿನ್ನು ಮೈನಸ್ ತೋರಿಸಿದ್ರೆ ನೇರ ಕೇಬಲ್ ಸಾಕು, 3ನೇದು ತೋರಿಸಿದ್ರೆ 2 ಮತ್ತು 3 ಅದಲುಬದಲಾಗಿರೋ ಕ್ರಾಸ್ ಕೇಬಲ್ ಬೇಕು, ಇಲ್ಲಾಂದ್ರೆ ಎರಡು ಬಾಯಿ ಎದುರುಬದುರಾಗಿ ಎರಡು ಕಿವಿ ಎದುರುಬದುರಾಗಿ ಕೂತಿರುತ್ತೆ, ಯಾರ ಮಾತೂ ಯಾರಿಗೂ ಸೇರಲ್ಲ. ಎರಡೂ ಪಿನ್ ಸೊನ್ನೆ ಅಂದ್ರೆ ಮಷಿನ್ನಿನ ಪೋರ್ಟ್ ಸತ್ತಿದೆ, ಆಗ ಮಾತ್ರ ಮಷಿನ್ ಕಂಪನಿಯವರನ್ನ ಕರೀರಿ.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ತೂಕ ಬರುತ್ತೆ ಆದ್ರೆ ಅಂಕಿ ಹಾಳಾಗಿ ಬರುತ್ತೆ ಅನ್ನೋ ಕೇಸುಗಳಲ್ಲಿ ಪೂರ್ತಿ ಚಿತ್ರವಿಚಿತ್ರ ಅಕ್ಷರ ಬಂದ್ರೆ ಸ್ಪೀಡ್ ಅಂದ್ರೆ ಬಾಡ್ ರೇಟ್ ತಪ್ಪಿದೆ, ಮಷಿನ್ 2400ರಲ್ಲಿ ಕಳಿಸ್ತಿದೆ ನೀವು 9600ರಲ್ಲಿ ಓದ್ತಿದೀರ ಅಂತ. ಆದ್ರೆ 0, 3, 5, 6, 9 ಮಾತ್ರ ಸರಿಯಾಗಿ ಬಂದು 1, 2, 4, 7, 8ರ ಜಾಗದಲ್ಲಿ ಏನೋ ಚಿಹ್ನೆ ಬರ್ತಿದ್ರೆ ಸ್ಪೀಡ್ ಸರಿಯಾಗೇ ಇದೆ, ಮಷಿನ್ ಏಳು ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿ (ಒಂದುಗಳ ಲೆಕ್ಕ ಸಮ ಆಗೋ ಹಾಗೆ ಕೊನೆಗೊಂದು ತಪಾಸಣೆ ಬಿಟ್ ಸೇರಿಸಿ) ಕಳಿಸ್ತಿದೆ, ಕಂಪ್ಯೂಟರ್ ಎಂಟು ಬಿಟ್ ಪ್ಯಾರಿಟಿ ಇಲ್ಲ ಅಂತ ಓದ್ತಿದೆ. ಆ ಐದು ಅಂಕಿಗಳ ಕೋಡಲ್ಲಿ ಒಂದುಗಳ ಲೆಕ್ಕ ಮೊದಲೇ ಸಮಸಂಖ್ಯೆ, ಅದಕ್ಕೆ ಪ್ಯಾರಿಟಿ ಬಿಟ್ ಸೊನ್ನೆಯಾಗಿ ಅವು ಪಾರಾಗ್ತವೆ, ಉಳಿದ ಐದಕ್ಕೆ ಎಂಟನೇ ಬಿಟ್ ಒಂದಾಗಿ ಅಕ್ಷರವೇ ಬದಲಾಗುತ್ತೆ. ಪುಟ್ಟಿಯಲ್ಲಿ ಡೇಟಾ ಬಿಟ್ 7, ಪ್ಯಾರಿಟಿ ಈವನ್ ಮಾಡಿ ನೋಡಿ, ಒಂದೇ ಏಟಿಗೆ ಸರಿಹೋಗುತ್ತೆ.

ಪ್ರಶ್ನೆ: ತಿಪಟೂರಲ್ಲಿ ಕೊಬ್ಬರಿ ಮಂಡಿ ಇದೆ ಸರ್. ಎಲೆಕ್ಟ್ರಾನಿಕ್ ತಕ್ಕಡಿ ಕಂಪ್ಯೂಟರಿಗೆ ಕನೆಕ್ಟ್ ಆಗಿದೆ. ಕರೆಂಟ್ ಹೋಗಿ ಬಂದಾಗೆಲ್ಲ ಮೌಸ್ ಬಾಣ ತಾನಾಗೇ ಸ್ಕ್ರೀನ್ ತುಂಬಾ ಹಾರಾಡುತ್ತೆ, ಏನೇನೋ ಕ್ಲಿಕ್ ಆಗುತ್ತೆ, ಫೈಲ್ ತೆರ್ಕೊಳ್ಳುತ್ತೆ. ಮೌಸ್ ಎರಡು ಬದಲಾಯ್ಸಿದ್ವಿ. ವೈರಸ್ ಅಂತ ಆಂಟಿವೈರಸ್ಸೂ ಹಾಕ್ಸಿದ್ವಿ. ಹೋಗ್ತಿಲ್ಲ.

ಉತ್ತರ: ವೈರಸ್ ಅಲ್ಲ, ಮೌಸ್ ತಪ್ಪೂ ಅಲ್ಲ. ನಿಮ್ಮ ತಕ್ಕಡೀನೇ ಮೌಸ್ ಆಗಿ ಕೂತಿದೆ. ಹಿಂದೆ ಮೌಸುಗಳು ಇದೇ ಸೀರಿಯಲ್ ಪೋರ್ಟಿಗೆ ಚುಚ್ಕೊಳ್ತಿದ್ವು, ಆ ಅಭ್ಯಾಸ ವಿಂಡೋಸಿಗೆ ಇವತ್ತಿಗೂ ಹೋಗಿಲ್ಲ, ಕಂಪ್ಯೂಟರ್ ಆನ್ ಆಗುವಾಗ ಸೀರಿಯಲ್ ಪೋರ್ಟಲ್ಲಿ ಯಾರಾದ್ರೂ ಇದಾರಾ ಅಂತ ಇಣುಕಿ ನೋಡುತ್ತೆ. ತಕ್ಕಡಿ ಎಡೆಬಿಡದೆ ತೂಕ ಕಳಿಸ್ತಾ ಇರೋ ಮೋಡಲ್ಲಿದ್ರೆ ಆ ಹೊತ್ತಿಗೆ ಸರಿಯಾಗಿ ಡೇಟಾ ಬಂದು ಬೀಳುತ್ತೆ, ವಿಂಡೋಸ್ ಅದನ್ನ ಹಳೇ ಕಾಲದ ಮೌಸು ಅಂತ ತಿಳ್ಕೊಂಡು ಬರೋ ಪ್ರತಿ ಅಂಕಿಗೂ ಬಾಣ ಆಡಿಸುತ್ತೆ. ಕರೆಂಟ್ ಹೋಗಿ ಬಂದಾಗಲೇ ಯಾಕೆ ಅಂದ್ರೆ, ತಕ್ಕಡಿ ಒಳಗೆ ಬ್ಯಾಟರಿ ಇರುತ್ತೆ, ಅದು ಆಫ್ ಆಗೇ ಇರಲ್ಲ, ಕಂಪ್ಯೂಟರ್ ಮಾತ್ರ ಹೊಸದಾಗಿ ಶುರುವಾಗುತ್ತೆ.

ತಕ್ಕಡಿ ಕೇಬಲ್ ಕೀಳಿ, ಬಾಣ ತಕ್ಷಣ ನಿಲ್ಲುತ್ತೆ, ಅದೇ ಸಾಕ್ಷಿ. ಆದ್ರೆ ಮುಂದಿನ ಹೆಜ್ಜೆಗೆ ಆ ಸುಳ್ಳು ಮೌಸು ಪಟ್ಟಿಯಲ್ಲಿ ಇರ್ಬೇಕು, ಅದಕ್ಕೆ ಯುಎಸ್‌ಬಿ ಕನ್ವರ್ಟರ್ ಹಾಗೇ ಇರ್ಲಿ, ಅದರ ಮುಂದಿನ ಒಂಬತ್ತು ಪಿನ್ನಿನ ಕೇಬಲ್ ಮಾತ್ರ ಬಿಚ್ಚಿ. ಡಿವೈಸ್ ಮ್ಯಾನೇಜರಲ್ಲಿ ಮೌಸುಗಳ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್ ಅಂತ ಒಂದು ಇರುತ್ತೆ, ಅದನ್ನ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡ್ಬೇಡಿ, ಮಾಡಿದ್ರೆ ಮುಂದಿನ ಸಲ ಆನ್ ಮಾಡಿದಾಗ ಮತ್ತೆ ಬರುತ್ತೆ, ಡಿಸೇಬಲ್ ಮಾಡಿದ್ದು ಹಾಗೇ ಉಳಿಯುತ್ತೆ. ನಿಮ್ಮ ಕನ್ವರ್ಟರ್ ಎಫ್‌ಟಿಡಿಐ ಚಿಪ್ಪಿಂದಾಗಿದ್ರೆ ಅದರ ಪೋರ್ಟ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ ಸೀರಿಯಲ್ ಎನ್ಯೂಮರೇಟರ್ ಅನ್ನೋ ಟಿಕ್ ಮಾರ್ಕ್ ತೆಗೆದ್ರೂ ಸಾಕು. ಅಲ್ಲಿವರೆಗೆ ಕಂಪ್ಯೂಟರ್ ಪೂರ್ತಿ ಆನ್ ಆದ್ಮೇಲೆ ಕೇಬಲ್ ಚುಚ್ಚಿ ಕೆಲಸ ಮಾಡಿ.

ಪ್ರಶ್ನೆ: ಸರ್ ನಾನು ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದಾಕತ್ತೀನಿ. ಆರ್ಡುಯಿನೋ ಊನೋದ್ದ (ಪ್ರೋಗ್ರಾಂ ಹಾಕಿ ನಡಸೂ ಸಣ್ಣ ಸರ್ಕ್ಯೂಟ್) ಕಡಿಮಿ ರೇಟಿನ ಬೋರ್ಡ್ ತಗೊಂಡೀನಿ, ನನ್ನ ಲ್ಯಾಪ್‌ಟಾಪಿನ್ಯಾಗ ಉಬುಂಟು 22.04 ಲಿನಕ್ಸ್ ಐತಿ. ಬೋರ್ಡ್ ಚುಚ್ಚಿದ್ರ ಲೈಟ್ ಹತ್ತತೈತಿ, ಆದ್ರ ಪೋರ್ಟ್ ಕಾಣವಲ್ದು. ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿನ್ಯಾಗ ಛಲೋ ನಡೀತೈತಿ. ಮುಂದಿನ ವಾರ ಪ್ರಾಜೆಕ್ಟ್ ಡೆಮೋ ಐತಿ ಸರ್.

ಉತ್ತರ: ಗೆಳೆಯನ ಹತ್ರ ಹಾಕಿ ನೋಡಿದ್ದು ಒಳ್ಳೇ ಕೆಲಸ ತಮ್ಮಾ, ಅರ್ಧ ಉತ್ತರ ಅದರಲ್ಲೇ ಸಿಕ್ತು, ಬೋರ್ಡ್ ಸರಿ ಇದೆ, ಅಲ್ಲಿ ನಿನ್ನದೇ ಯುಎಸ್‌ಬಿ ಕೇಬಲ್ ಹಾಕಿದ್ರೆ ಕೇಬಲ್ಲೂ ಸರಿ ಇದೆ. ಬೇರೆ ಕೇಬಲ್ ಹಾಕಿದ್ರೆ ಮೊದ್ಲು ಅದನ್ನೇ ನೋಡು, ಬರೀ ಚಾರ್ಜಿಂಗಿಗೆ ಅಂತ ಬರೋ ಕೆಲವು ಕೇಬಲ್ಲಲ್ಲಿ ಡೇಟಾ ವೈರ್ ಇರೋದೇ ಇಲ್ಲ, ಲೈಟ್ ಹತ್ತುತ್ತೆ ಪೋರ್ಟ್ ಬರಲ್ಲ.

ಆ ಥರದ ಬೋರ್ಡುಗಳಲ್ಲಿ ಹೆಚ್ಚಾಗಿ ಇರೋದು ಸಿಎಚ್ 340 ಚಿಪ್ಪು, ಉಬುಂಟು 22.04ರಲ್ಲಿ ಅದಕ್ಕೊಂದು ಹೆಸರುವಾಸಿ ತೊಂದ್ರೆ ಇದೆ. ಬೋರ್ಡ್ ಚುಚ್ಚಿ ಟರ್ಮಿನಲ್ಲಲ್ಲಿ ಡಿಮೆಸೇಜ್ ಕಮಾಂಡ್ (sudo dmesg) ಕೊಟ್ಟು ಕೊನೇ ಸಾಲುಗಳನ್ನ ಓದು. ಕನ್ವರ್ಟರ್ ಸಿಕ್ತು, ಅದರ ಪೋರ್ಟಿನ ಹೆಸರು ಟಿಟಿವೈ ಯುಎಸ್‌ಬಿ 0 ಆಯ್ತು ಅಂತ ಬಂದು, ಹಿಂದೆಯೇ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು ಕಂಡು, ತಕ್ಷಣ ಡಿಸ್‌ಕನೆಕ್ಟ್ ಅಂತ ಬಂದಿದ್ರೆ ಅದೇ ಕಾರಣ. ಅದು ಕಣ್ಣು ಕಾಣದವರು ಬಳಸೋ ಬ್ರೈಲ್ ಡಿಸ್ಪ್ಲೇಗೆ ಬೇಕಾದ ಪ್ರೋಗ್ರಾಂ, ಕೆಲವು ಬ್ರೈಲ್ ಸಾಧನಗಳೂ ಇದೇ ಚಿಪ್ಪನ್ನ ಬಳಸ್ತವೆ, ಯುಎಸ್‌ಬಿ ಗುರುತು ಒಂದೇ ಆಗಿರೋದ್ರಿಂದ ಅದು ನಿನ್ನ ಬೋರ್ಡನ್ನ ಬ್ರೈಲ್ ಡಿಸ್ಪ್ಲೇ ಅಂತ ತಿಳ್ಕೊಂಡು ಹಿಡ್ಕೊಂಡ್ಬಿಡುತ್ತೆ. ನಿನ್ನ ಲ್ಯಾಪ್‌ಟಾಪಲ್ಲಿ ಬ್ರೈಲ್ ಯಾರೂ ಬಳಸಲ್ಲ ಅಂದ್ರೆ ಆ ಪ್ಯಾಕೇಜನ್ನ ತೆಗೆದುಹಾಕು. ಕಾಲೇಜು ಲ್ಯಾಬಿನ ಕಂಪ್ಯೂಟರಾದ್ರೆ ಕೇಳದೆ ತೆಗೀಬೇಡ, ಅದು ಬೇಕಾದ ವಿದ್ಯಾರ್ಥಿ ಅಲ್ಲಿ ಇರಬಹುದು.

ಪೋರ್ಟ್ ಕಂಡ ಮೇಲೂ ಪರ್ಮಿಷನ್ ಇಲ್ಲ ಅಂತ ಎರರ್ ಬಂದ್ರೆ ನಿನ್ನ ಯೂಸರ್ ಹೆಸರನ್ನ ಡಯಲ್‌ಔಟ್ ಅನ್ನೋ ಗ್ರೂಪಿಗೆ ಸೇರಿಸ್ಬೇಕು, ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರ್ಬೇಕು, ಇದನ್ನ ಮಾಡದೆ ಸೇರಿಸಿದ್ರೂ ಕೆಲಸ ಆಗಲಿಲ್ಲ ಅನ್ನೋರೇ ಜಾಸ್ತಿ. ಡೆಮೋ ದಿನ ಪೋರ್ಟ್ ಬಿಜಿ ಅಂತ ಬಂದ್ರೆ ಗಾಬರಿ ಆಗ್ಬೇಡ, ಸೀರಿಯಲ್ ಪೋರ್ಟನ್ನ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡ್ಕೊಳ್ಳೋದು ವಾಡಿಕೆ, ಎಲ್ಲೋ ಸೀರಿಯಲ್ ಮಾನಿಟರ್ ತೆರೆದಿರುತ್ತೆ, ಮುಚ್ಚು. ಇನ್ನೊಂದು ಮಾತು, ಊನೋದಲ್ಲಿ ಪೋರ್ಟ್ ಓಪನ್ ಮಾಡಿದ ಕೂಡಲೇ ಬೋರ್ಡ್ ರಿಸೆಟ್ ಆಗುತ್ತೆ, ಅದಕ್ಕೇ ಓಪನ್ ಮಾಡಿದ ತಕ್ಷಣ ಕಳಿಸಿದ್ದು ಕಳೆದುಹೋಗುತ್ತೆ, ನಿನ್ನ ಪ್ರೋಗ್ರಾಮಲ್ಲಿ ಎರಡು ಸೆಕೆಂಡ್ ಕಾಯೋ ಹಾಗೆ ಬರಿ.

ಪ್ರಶ್ನೆ: ಪುತ್ತೂರಿನ ಹತ್ತಿರ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬ್ ನಡೆಸ್ತಾ ಇದ್ದೇನೆ. ಅನಲೈಸರ್‌ನಿಂದ ರಿಪೋರ್ಟ್ ಕಂಪ್ಯೂಟರಿಗೆ ಬರುವ ವ್ಯವಸ್ಥೆ ಉಂಟು. ವಿಂಡೋಸ್ 11 ಹಾಕಿದ ಮೇಲೆ ಕನ್ವರ್ಟರ್ ಎದುರಿಗೆ ಹಳದಿ ತ್ರಿಕೋನ ಬರ್ತದೆ, ಡ್ರೈವರ್ ಹೊಸದು ಹಾಕಿದಷ್ಟೂ ಹಾಗೆಯೇ. ಕನ್ವರ್ಟರ್ ಹಾಳಾಗಿದೆಯಾ?

ಉತ್ತರ: ಹಳದಿ ತ್ರಿಕೋನ ಇರೋವಾಗ ಲೂಪ್‌ಬ್ಯಾಕ್ ಮಾಡೋಕೂ ಆಗಲ್ಲ, ಹಾಗಾಗಿ ಮೊದ್ಲು ಡ್ರೈವರ್ ವಿಷಯ. ಡಿವೈಸ್ ಮ್ಯಾನೇಜರಲ್ಲಿ ಹೆಸರಿನ ಜಾಗದಲ್ಲಿ ಪಿಎಲ್ 2303 ಎಚ್‌ಎಕ್ಸ್‌ಎ, 2012ರಿಂದ ನಿಂತಿದೆ, ಮಾರಿದವರನ್ನ ಕೇಳಿ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಇದ್ಯಾ ನೋಡಿ, ಇಲ್ಲಾ ಒಳಗೆ ತೆರೆದ್ರೆ ಕೋಡ್ 10 ಅಂತ ಇರುತ್ತೆ. ಪ್ರೊಲಿಫಿಕ್ ಕಂಪನಿ ತನ್ನ ಹಳೇ ಚಿಪ್ಪುಗಳಿಗೆ ಹೊಸ ಡ್ರೈವರಲ್ಲಿ ಸಪೋರ್ಟ್ ನಿಲ್ಸಿದೆ, ಆ ಹಳೇ ಚಿಪ್ಪಿನ ನಕಲುಗಳೂ ಅದರ ಜೊತೆಗೇ ನಿಂತವು. ಕನ್ವರ್ಟರ್ ಹಾಳಾಗಿಲ್ಲ, ಹೊಸ ಡ್ರೈವರ್ ಅದನ್ನ ಒಪ್ಪಿಕೊಳ್ತಿಲ್ಲ. ನೀವು ಹೊಸದು ಹಾಕಿದಷ್ಟೂ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಕೊಳ್ಳುತ್ತೆ.

ಅಪ್ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಲ್ಲಿರೋ ಪಟ್ಟಿಯಿಂದ ನಾನೇ ಆರಿಸ್ತೀನಿ ಅನ್ನೋ ದಾರಿ ಹಿಡಿದು ಹಳೇ ತಾರೀಖಿನ ಡ್ರೈವರ್ ಇದ್ರೆ ಅದನ್ನ ಆರಿಸಿ, ಕೆಲಸ ಮಾಡ್ಬಹುದು. ಆದ್ರೆ ವಿಂಡೋಸ್ ಅಪ್ಡೇಟ್ ಯಾವತ್ತೋ ಒಂದಿನ ಮತ್ತೆ ಹೊಸದನ್ನ ತಂದು ಹಾಕುತ್ತೆ, ರೋಗಿಗಳ ರಿಪೋರ್ಟ್ ಓಡೋ ಜಾಗದಲ್ಲಿ ಈ ತಾತ್ಕಾಲಿಕ ದಾರಿ ನನಗೆ ಒಪ್ಪಿಗೆ ಇಲ್ಲ. ಗೊತ್ತಿರೋ ಅಂಗಡಿಯಿಂದ ಬಿಲ್ ಸಮೇತ ಅಸಲಿ ಚಿಪ್ಪಿನ ಕನ್ವರ್ಟರ್ ತಗೊಳ್ಳಿ. ನಕಲಿಯಲ್ಲಿ ಇನ್ನೊಂದು ಅಪಾಯನೂ ಇದೆ, 2014ರಲ್ಲಿ ಎಫ್‌ಟಿಡಿಐ ಕಂಪನಿಯ ಒಂದು ಡ್ರೈವರ್ ನಕಲಿ ಚಿಪ್ಪು ಕಂಡ್ರೆ ಅದರ ಗುರುತಿನ ಸಂಖ್ಯೆಯನ್ನ ಸೊನ್ನೆ ಮಾಡ್ಬಿಡ್ತಿತ್ತು, ಆಮೇಲೆ ಆ ಸಾಧನ ಯಾವ ಕಂಪ್ಯೂಟರಲ್ಲೂ ಮಾಮೂಲಾಗಿ ಗುರುತಾಗ್ತಿರಲಿಲ್ಲ. ದುಡ್ಡು ಕೊಟ್ಟು ತಂದವರಿಗೆ ಅದು ನಕಲಿ ಅಂತ ಗೊತ್ತೇ ಇರಲಿಲ್ಲ, ತಪ್ಪು ಮಾಡಿದವರು ಒಬ್ಬರು, ಕಷ್ಟ ಬಿದ್ದವರು ಇನ್ನೊಬ್ಬರು, ಅದು ನ್ಯಾಯ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಕನ್ವರ್ಟರ್ ಬದಲಾದ ಮೇಲೆ ಮೊದಲ ದಿನ ಅನಲೈಸರ್ ಸ್ಕ್ರೀನಲ್ಲಿರೋ ಅಂಕಿಗೂ ಕಂಪ್ಯೂಟರಿಗೆ ಬಂದ ಅಂಕಿಗೂ ಒಂದಿಪ್ಪತ್ತು ರಿಪೋರ್ಟನ್ನಾದ್ರೂ ಕೂತು ತಾಳೆ ನೋಡಿ, ಆಮೇಲೆ ರೋಗಿ ಕೈಗೆ ಕೊಡಿ. ಹಾಗೇ ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕರೆಂಟ್ ಉಳಿಸೋಕೆ ಆಫ್ ಮಾಡೋ ಟಿಕ್ ತೆಗೀರಿ. ಮಧ್ಯಾಹ್ನ ಊಟಕ್ಕೆ ಹೋಗಿ ಬಂದ್ರೆ ಕನೆಕ್ಷನ್ ಹೋಗಿರುತ್ತೆ ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ.

ಪ್ರಶ್ನೆ: ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ 1ರಿಂದ 8ರವರೆಗೆ ಮಾತ್ರ ತೋರಿಸುತ್ತೆ, ನಮ್ಮ ಕನ್ವರ್ಟರ್ ಕಾಮ್ 14. ಏನು ಮಾಡೋದು? (ದಾವಣಗೆರೆ)

ಉತ್ತರ: ಡಿವೈಸ್ ಮ್ಯಾನೇಜರಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಕೆಳಗೆ ನಂಬರ್ ಬದಲಾಯಿಸ್ಬಹುದು. ಚಿಕ್ಕ ನಂಬರುಗಳೆಲ್ಲ ಇನ್ ಯೂಸ್ ಅಂತ ತೋರಿಸಿದ್ರೆ ಅವು ಹಿಂದೆ ಯಾವತ್ತೋ ಚುಚ್ಚಿ ಕಿತ್ತ ಕನ್ವರ್ಟರುಗಳು ಹಿಡ್ಕೊಂಡು ಬಿಟ್ಟ ಜಾಗ. ವ್ಯೂ ಮೆನುವಲ್ಲಿ ಹಿಡನ್ ಡಿವೈಸ್ ತೋರ್ಸು ಅಂತ ಮಾಡಿ, ಪೋರ್ಟ್ಸ್ ಪಟ್ಟಿಯಲ್ಲಿ ಮಸುಕಾಗಿ ಕಾಣೋವನ್ನ ಅನ್‌ಇನ್‌ಸ್ಟಾಲ್ ಮಾಡಿ, ಜಾಗ ಖಾಲಿ ಆಗುತ್ತೆ. ಪೋರ್ಟ್ಸ್ ಪಟ್ಟಿ ಬಿಟ್ಟು ಬೇರೆ ಕಡೆ ಮಸುಕಾಗಿರೋದಕ್ಕೆ ಕೈ ಹಾಕ್ಬೇಡಿ.

ಪ್ರಶ್ನೆ: ಹೊಸಪೇಟೆ ಕಡೆ ವೇಬ್ರಿಡ್ಜ್ ನೋಡ್ಕೊಳ್ತೀನಿ ಸರ್. ಲಾರಿ ಹತ್ತೋ ಜಾಗದ ಪಕ್ಕದ ಕ್ಯಾಬಿನ್ನಲ್ಲಿ ಡಿಸ್ಪ್ಲೇ ಇದೆ, ಅಲ್ಲಿಂದ ಆಫೀಸಿಗೆ ಸುಮಾರು 60 ಮೀಟರ್ ವೈರ್ ಎಳ್ಕೊಂಡಿದೀವಿ. ಜನರೇಟರ್ ಹಾಕಿದಾಗ ತೂಕದ ಅಂಕಿ ಹಾಳಾಗಿ ಬರುತ್ತೆ. ಈ ವರ್ಷ ಗುಡುಗು ಮಿಂಚಿಗೆ ಎರಡು ಕನ್ವರ್ಟರ್ ಹೋಯ್ತು. ದಪ್ಪ ಕೇಬಲ್ ಹಾಕಿದ್ರೆ ಸರಿಹೋಗುತ್ತಾ?

ಉತ್ತರ: ಇಲ್ಲ, ದಪ್ಪದಿಂದ ಇದು ಸರಿಹೋಗಲ್ಲ. ನೀವು ಎಳೆದಿರೋದು ಆರ್‌ಎಸ್ 232, ಅಂದ್ರೆ ಇಷ್ಟೊತ್ತು ಹೇಳಿದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು ಪಾಲಿಸೋ ನಿಯಮದ ವೈರು. ಈ ನಿಯಮ ಅಮೆರಿಕದಲ್ಲಿ 1960ರಲ್ಲಿ ಬಂತು, 1969ರ ಅದರ ಸಿ ಆವೃತ್ತಿಯಲ್ಲಿ ಕೇಬಲ್ ಉದ್ದಕ್ಕೆ ಹೇಳಿದ್ದೇ 50 ಅಡಿ, ಅಂದ್ರೆ ಸುಮಾರು 15 ಮೀಟರ್. ನೀವು ಅದರ ನಾಲ್ಕು ಪಟ್ಟು ಎಳೆದಿದೀರ. ಸ್ಪೀಡ್ ಕಡಿಮೆ ಇದ್ರೆ ಇನ್ನೂ ದೂರ ಹೋಗುತ್ತೆ ನಿಜ, 9600ರಲ್ಲಿ ಒಂದು ಬಿಟ್ಟಿಗೆ ಸಿಗೋ ಹೊತ್ತು 104 ಮೈಕ್ರೋಸೆಕೆಂಡು, 1200ರಲ್ಲಿ 833, ಎಂಟು ಪಟ್ಟು ನಿಧಾನಕ್ಕೆ ಮಾತಾಡಿದ ಹಾಗೆ. ಡಿಸ್ಪ್ಲೇ ಮೆನುವಲ್ಲೂ ಸಾಫ್ಟ್‌ವೇರಲ್ಲೂ ಎರಡೂ ಕಡೆ 1200 ಮಾಡಿ ನೋಡಿ, ಇವತ್ತಿನ ಮಟ್ಟಿಗೆ ಕೆಲಸ ನಡೀಬಹುದು. ಆದ್ರೆ ಲಾರಿಯವರ ದುಡ್ಡು, ಮಾಲಿನವರ ದುಡ್ಡು ಆ ಅಂಕಿಯ ಮೇಲೆ ನಿಂತಿರೋವಾಗ ಇದನ್ನ ಕಾಯಂ ಮಾಡ್ಬೇಡಿ.

ಜನರೇಟರಿಗೂ ಅಂಕಿಗೂ ಏನು ಸಂಬಂಧ ಅಂದ್ರೆ, ಆರ್‌ಎಸ್ 232ರಲ್ಲಿ ಮಾತಾಡೋ ವೈರಿನ ವೋಲ್ಟೇಜನ್ನ ಗ್ರೌಂಡ್ ವೈರಿಗೆ ಹೋಲಿಸಿ ಓದ್ತಾರೆ, ಪ್ಲಸ್ 3ಕ್ಕಿಂತ ಮೇಲಿದ್ರೆ ಸೊನ್ನೆ, ಮೈನಸ್ 3ಕ್ಕಿಂತ ಕೆಳಗಿದ್ರೆ ಒಂದು, ನಡುವೆ ಇದ್ರೆ ಯಾವುದೂ ಖಾತ್ರಿ ಇಲ್ಲ. ಕ್ಯಾಬಿನ್ನಿನ ಅರ್ಥಿಂಗ್ ಬೇರೆ, ಆಫೀಸಿನ ಅರ್ಥಿಂಗ್ ಬೇರೆ, ಜನರೇಟರ್ ಹಾಕಿದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು ಆ ಕರೆಂಟು ನಿಮ್ಮ ಗ್ರೌಂಡ್ ವೈರಲ್ಲೇ ಹರಿಯುತ್ತೆ. ಓದೋ ಅಳತೆಗೋಲೇ ಅಲ್ಲಾಡಿದ್ರೆ ಅಂಕಿ ಸರಿಯಾಗಿ ಹೇಗೆ ಬರುತ್ತೆ. ಮಿಂಚು ಹೊಡೆದಾಗಲೂ ಇದೇ, ಹತ್ತಿರದ ನೆಲಕ್ಕೆ ಬಡಿದ್ರೂ ಸಾಕು, ಎರಡು ಅರ್ಥಿಂಗ್ ನಡುವೆ ಒಂದು ಕ್ಷಣಕ್ಕೆ ಭಾರೀ ವ್ಯತ್ಯಾಸ ಎದ್ದು ಕನ್ವರ್ಟರ್ ಮೂಲಕ ಹಾಯ್ದು ಹೋಗುತ್ತೆ.

ಆರ್‌ಎಸ್ 485ಕ್ಕೆ ಬದಲಾಯಿಸಿ. ಅದರಲ್ಲಿ ಒಂದಕ್ಕೊಂದು ಹೆಣೆದಿರೋ ಎರಡು ವೈರಿನ ನಡುವಿನ ವ್ಯತ್ಯಾಸ ನೋಡಿ ಓದ್ತಾರೆ, ಹೊರಗಿನ ಗಲಾಟೆ ಎರಡಕ್ಕೂ ಸಮನಾಗಿ ತಾಗೋದ್ರಿಂದ ಕಳೆದುಹೋಗುತ್ತೆ, ಸುಮಾರು 1200 ಮೀಟರ್ ತನಕ ಹೋಗುತ್ತೆ. ಕೆಲವು ಡಿಸ್ಪ್ಲೇಗಳಲ್ಲಿ 485 ಪೋರ್ಟ್ ಮೊದಲೇ ಇರುತ್ತೆ, ಹಿಂದೆ ಎ, ಬಿ ಅಂತ ಬರೆದಿದ್ಯಾ ನೋಡಿ, ಇಲ್ಲಾಂದ್ರೆ ಕ್ಯಾಬಿನ್ನಲ್ಲಿ 232ರಿಂದ 485ಕ್ಕೆ ಒಂದು ಡಬ್ಬಿ, ಆಫೀಸಲ್ಲಿ 485ರಿಂದ ಯುಎಸ್‌ಬಿಗೆ ಇನ್ನೊಂದು ಹಾಕ್ಬೇಕು. ಇಲ್ಲಿ ದುಡ್ಡು ಉಳಿಸ್ಬೇಡಿ, ಐಸೊಲೇಟೆಡ್ ಅಂತ ಕೇಳಿ ತಗೊಳ್ಳಿ, ಅದರಲ್ಲಿ ಈ ಕಡೆಗೂ ಆ ಕಡೆಗೂ ತಾಮ್ರದ ನೇರ ಸಂಬಂಧ ಇರಲ್ಲ. ಲೈನಿನ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರ್ಲಿ, ಕೇಬಲ್ ಒಳಗೆ ವೈರುಗಳ ಸುತ್ತ ಲೋಹದ ಹೊದಿಕೆ (ಶೀಲ್ಡ್) ಇದ್ರೆ ಅದನ್ನ ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಮೋಟರ್ ವೈರ್ ಹೋಗೋ ಪೈಪಲ್ಲಿ ಇದನ್ನ ತೂರಿಸ್ಬೇಡಿ. ಎ ಮತ್ತು ಬಿ ಗುರುತು ಒಂದೊಂದು ಕಂಪನಿಯಲ್ಲಿ ಉಲ್ಟಾ ಇರುತ್ತೆ, ಏನೂ ಬರ್ಲಿಲ್ಲ ಅಂದ್ರೆ ಮೊದ್ಲು ಎರಡು ವೈರ್ ಅದಲುಬದಲು ಮಾಡಿ ನೋಡಿ. ಐಸೊಲೇಟೆಡ್ ಹಾಕಿದ್ರೂ ನೇರ ಮಿಂಚಿಗೆ ಯಾವ ಡಬ್ಬಿಯೂ ತಡೆಯಲ್ಲ, ಮೋಡ ಕಟ್ಟಿದಾಗ ರಾತ್ರಿ ಮನೆಗೆ ಹೋಗೋ ಮುಂಚೆ ಎರಡೂ ತುದಿ ಕೀಳೋದು ಅಭ್ಯಾಸ ಮಾಡ್ಕೊಳ್ಳಿ, ಮಿಂಚು ಶುರುವಾದ ಮೇಲೆ ಮಾತ್ರ ವೈರ್ ಮುಟ್ಟೋಕೆ ಹೋಗ್ಬೇಡಿ.

ಪ್ರಶ್ನೆ: ನಿಮ್ಮ ಲೂಪ್‌ಬ್ಯಾಕ್ ಬಗ್ಗೆ ಹಿಂದೆಯೂ ಓದಿದ್ದೆ. ಎರಡು ಪಿನ್ ಶಾರ್ಟ್ ಮಾಡಿದ್ರೆ ಸುಟ್ಟುಹೋಗಲ್ವಾ? ಇಎಸ್‌ಪಿ (ವೈಫೈ ಇರೋ ಸಣ್ಣ ಕಂಟ್ರೋಲರ್) ಬೋರ್ಡಿಗೂ ಮಾಡ್ಬಹುದಾ? (ಮೈಸೂರು)

ಉತ್ತರ: ಆರ್‌ಎಸ್ 232 ಪೋರ್ಟಲ್ಲಿ ಯಾವ ಎರಡು ಪಿನ್ ಶಾರ್ಟ್ ಆದ್ರೂ ತಡ್ಕೊಳ್ಬೇಕು ಅಂತ ನಿಯಮದಲ್ಲೇ ಇದೆ, ಟೆಸ್ಟರ್ ಜಾರಿ ಪಕ್ಕದ ಪಿನ್ನಿಗೆ ತಾಗಿದ್ರೂ ಭಯ ಇಲ್ಲ. ಇಎಸ್‌ಪಿ ಬೋರ್ಡಿನ ಕಥೆ ಬೇರೆ. ಅದರ ಪಿನ್ನುಗಳು 3.3 ವೋಲ್ಟಿನವು, ಸುಮ್ನಿರೋವಾಗ ಪ್ಲಸ್ 3.3, ಆರ್‌ಎಸ್ 232 ಅದೇ ಹೊತ್ತಲ್ಲಿ ಮೈನಸ್ 5ರಿಂದ ಮೈನಸ್ 12. ಹೆಸರು ಎರಡಕ್ಕೂ ಸೀರಿಯಲ್ಲೇ, ಆದ್ರೆ ನೇರ ಸೇರಿಸಿದ್ರೆ ಬೋರ್ಡ್ ಸಾಯುತ್ತೆ. ನಾನು ಕಲಿಯೋ ದಿನಗಳಲ್ಲಿ ಒಂದು ಕಾರ್ಖಾನೆಯ ಟೆಂಪರೇಚರ್ ಮೀಟರನ್ನ ಹೀಗೇ ನೇರ ಸೇರಿಸಿ ಬೋರ್ಡ್ ಸುಟ್ಟಿದೀನಿ, ಸೇರಿಸೋ ಮುಂಚೆ ಮಲ್ಟಿಮೀಟರ್ ಇಟ್ಟಿದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು. ಮೈನಸ್ ಕಂಡ್ರೆ ಆರ್‌ಎಸ್ 232, ಪ್ಲಸ್ 3.3 ಅಥವಾ 5 ಕಂಡ್ರೆ ಬೋರ್ಡ್ ಮಟ್ಟದ್ದು, ನಡುವೆ ಮ್ಯಾಕ್ಸ್ 3232 ಚಿಪ್ಪಿನ ಚಿಕ್ಕ ಬೋರ್ಡ್ ಹಾಕ್ಲೇಬೇಕು.

ಪ್ರಶ್ನೆ: ಹೊಸ ಡೆಸ್ಕ್‌ಟಾಪ್ ತಗೊಂಡೆ, ಹಿಂದೆ ಸೀರಿಯಲ್ ಪೋರ್ಟೇ ಇಲ್ಲ. ಕನ್ವರ್ಟರ್ ಬಿಟ್ಟು ಬೇರೆ ದಾರಿ ಇಲ್ವಾ? (ಶಿವಮೊಗ್ಗ)

ಉತ್ತರ: ಕ್ಯಾಬಿನೆಟ್ ತೆರೆದು ಮದರ್‌ಬೋರ್ಡ್ ಅಂಚಲ್ಲಿ ಕಾಮ್ ಅಂತ ಬರೆದಿರೋ, ಎರಡು ಸಾಲಲ್ಲಿ ಒಂಬತ್ತು ಪಿನ್ ಇರೋ ಜಾಗ ಹುಡುಕಿ. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಇದು ಈಗಲೂ ಇರುತ್ತೆ, ಹೊರಗಿನ ಪೋರ್ಟ್ ಮಾತ್ರ ಕೊಟ್ಟಿರಲ್ಲ. ಒಂದು ಚಿಕ್ಕ ಬ್ರಾಕೆಟ್ ಕೇಬಲ್ ತಂದು ಹಾಕಿದ್ರೆ ಅಸಲಿ ಪೋರ್ಟ್ ಸಿಗುತ್ತೆ, ನಂಬರ್ ಬದಲಾಗೋ ಕಾಟ ಇಲ್ಲ, ಡ್ರೈವರ್ ಕಾಟ ಇಲ್ಲ, ನನ್ನ ಕೇಳಿದ್ರೆ ದಿನವಿಡೀ ನಡೆಯೋ ಕೆಲಸಕ್ಕೆ ಇದೇ ಒಳ್ಳೇದು. ಆದ್ರೆ ಬ್ರಾಕೆಟ್ಟಿನ ಒಳಗಿನ ವೈರಿಂಗ್ ಎರಡು ಥರ ಬರುತ್ತೆ, ನೋಡೋಕೆ ಒಂದೇ ಥರ ಇರ್ತವೆ. ಮದರ್‌ಬೋರ್ಡ್ ಪುಸ್ತಕದಲ್ಲಿರೋ ಪಿನ್ ಚಿತ್ರ ಇಟ್ಕೊಂಡು ಮಲ್ಟಿಮೀಟರ್ ಬೀಪಲ್ಲಿ 2, 3, 5 ಸರಿಯಾದ ಜಾಗಕ್ಕೆ ಹೋಗ್ತಿದ್ಯಾ ನೋಡಿ, ತಾಳೆ ಆಗ್ಲಿಲ್ಲ ಅಂದ್ರೆ ಅಂಗಡಿಗೆ ವಾಪಸ್ ಕೊಟ್ಟು ಇನ್ನೊಂದು ಥರದ್ದು ತಗೊಳ್ಳಿ, ಪೋರ್ಟ್ ಸತ್ತಿದೆ ಅಂತ ಬೋರ್ಡ್ ಬದಲಾಯಿಸೋಕೆ ಹೋಗ್ಬೇಡಿ.